ನಾವೇ ಮಾಡಿದ ಸೌಂಡ್‌ಗಳನ್ನು ಸೇವ್ ಮಾಡಿ ಇಡಬೇಕಾ, ಬೇಡವಾ?

ರಾತ್ರಿಪಾಳಿ
ಶನಿವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು ಅಂದುಕೊಂಡಿದ್ದೆ, ಈಗ ತಲೆ ತಿನ್ನುತ್ತಿದೆ.

ಹಗಲು ಆಫೀಸು, ರಾತ್ರಿ ಮ್ಯೂಸಿಕ್. ನಾಲ್ಕು ವರ್ಷದಿಂದ ಇದೇ ಕತೆ. ವೈಟಲ್ ಅನ್ನುವ ಸಿಂಥ್ (ಕಂಪ್ಯೂಟರ್‌ನಲ್ಲಿ ಸೌಂಡ್ ಹುಟ್ಟಿಸುವ ಸಾಫ್ಟ್‌ವೇರ್) ತೆರೆದು ಕೂರುತ್ತೇನೆ, ನಾಬ್ ತಿರುಗಿಸುತ್ತೇನೆ, ಏನೋ ಒಂದು ಚೆನ್ನಾಗಿ ಕೇಳಿಸಿದ ಕೂಡಲೇ ಸೇವ್ ಒತ್ತುತ್ತೇನೆ. ಚಟ. ಮೊನ್ನೆ ಎಣಿಸಿದೆ, 1,140 ಪ್ರಿಸೆಟ್ (ಅಂದರೆ ಹೀಗೆ ಸೇವ್ ಮಾಡಿದ ಸೌಂಡ್ ಸೆಟ್ಟಿಂಗ್) ಆಗಿವೆ. ಹಾಡಿನಲ್ಲಿ ನಿಜವಾಗಿ ಬಳಸಿದ್ದು 30 ಇದ್ದರೆ ಹೆಚ್ಚು. ಹೆಸರುಗಳಂತೂ ದೇವರಿಗೇ ಪ್ರೀತಿ. ‘ಬೇಸ್ ಹೊಸದು’, ‘ಬೇಸ್ ಹೊಸದು 2’, ‘ಬೇಸ್ ಇದೇ ಕೊನೆ’, ‘ಆಆಆ’.

ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಿದ್ದೆ. ಅದರಲ್ಲಿ ಒಂದು ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಸೌಂಡ್, ಇತ್ತು. ಮಳೆ ಶುರುವಾಗುವ ಮುಂಚೆ ದೂರದಲ್ಲೆಲ್ಲೋ ಗುಡುಗು ಉರುಳಿದ ಹಾಗೆ. ಈಗ ಅವನು ಎರಡನೇ ಭಾಗ ಮಾಡುತ್ತಿದ್ದಾನೆ, ಅದೇ ಸೌಂಡ್ ಬೇಕಂತೆ. ನನ್ನ 1,140ರಲ್ಲಿ ಅದೊಂದೇ ಇಲ್ಲ! ಹಳೇ ಪ್ರಾಜೆಕ್ಟ್ ತೆರೆದರೆ ಪ್ಲಗಿನ್ (ಮ್ಯೂಸಿಕ್ ಸಾಫ್ಟ್‌ವೇರ್ ಒಳಗೆ ಹಾಕಿಕೊಳ್ಳುವ ಸಿಂಥ್) ಸಿಗುತ್ತಿಲ್ಲ ಅನ್ನುತ್ತದೆ. ಆಗ ಯಾವುದೋ ಉಚಿತ ಪ್ಲಗಿನ್ ಹಾಕಿಕೊಂಡಿದ್ದೆ. ನಡುವೆ ಲ್ಯಾಪ್‌ಟಾಪ್ ಬದಲಾಯಿತು. ಆ ಪ್ಲಗಿನ್ ಈಗ ಎಲ್ಲೂ ಸಿಗುವುದಿಲ್ಲ.

ಅಂದರೆ ಸಾವಿರ ಸೇವ್ ಮಾಡಿಯೂ ಬೇಕಾದಾಗ ಬೇಕಾದ್ದು ಸಿಗಲಿಲ್ಲ. ನೀವೆಲ್ಲ ಏನು ಮಾಡುತ್ತೀರಿ? ಮಾಡಿದ್ದೆಲ್ಲ ಸೇವ್ ಮಾಡುತ್ತೀರಾ, ಸುಮ್ನೆ ಬಿಟ್ಟುಬಿಡುತ್ತೀರಾ?

ಡಬಲ್ ಬ್ಯಾಕಪ್
ಶನಿವಾರ, ರಾತ್ರಿ 11:52

ಎಲ್ಲ ಸೇವ್ ಮಾಡು ಗುರು. ಪ್ರಿಸೆಟ್ ಅಂದರೆ ಸಣ್ಣ ಫೈಲ್ ಅಷ್ಟೇ. ಡಿಸ್ಕ್‌ನಲ್ಲಿ ಜಾಗಕ್ಕೇನು ಬರ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳೋದಾ?

ಖಾಲಿ ಪ್ಯಾಚ್
ಭಾನುವಾರ, ಬೆಳಗ್ಗೆ 7:15

ಡಿಸ್ಕ್‌ನಲ್ಲಿ ಜಾಗ ಇದೆ ಸರಿ, ತಲೆಯಲ್ಲಿ ಇದೆಯಾ? 1,140 ಪ್ರಿಸೆಟ್ ಪಟ್ಟಿ ಉರುಳಿಸುತ್ತಾ ಕೂತರೆ ಹಾಡು ಮಾಡುವ ಮೂಡೇ ಹೋಗಿರುತ್ತದೆ.

ನಾನು ಒಂದನ್ನೂ ಸೇವ್ ಮಾಡುವುದಿಲ್ಲ. ಆರು ವರ್ಷವಾಯಿತು. ಪ್ರತಿ ಹಾಡಿಗೂ ಇನಿಟ್ ಪ್ಯಾಚ್, ಅಂದರೆ ಖಾಲಿ ಸೆಟ್ಟಿಂಗ್‌ನಿಂದಲೇ ಶುರು. ಗರಗಸದ ಹಲ್ಲಿನಂಥ ಅಲೆ ಇರುವ ಒಂದು ಸಾ ವೇವ್, ಫಿಲ್ಟರ್ ತೆರೆದಿರುತ್ತದೆ, ಬೇರೇನೂ ಇಲ್ಲ. ಮೊದಮೊದಲು ಒಂದು ಬೇಸ್ ಮಾಡಲು ಅರ್ಧ ಗಂಟೆ ಹಿಡಿಯುತ್ತಿತ್ತು, ಈಗ ಎರಡು ನಿಮಿಷ. ಸೇವ್ ಮಾಡಿದ್ದರೆ ಈ ಕೈ ಬರುತ್ತಿರಲಿಲ್ಲ. 1970ರಲ್ಲಿ ಬಂದ ಮಿನಿಮೂಗ್ ಸಿಂಥ್‌ನಲ್ಲಿ ಮೆಮೊರಿಯೇ ಇರಲಿಲ್ಲ. ನುಡಿಸುವವರು ನಾಬ್ ಎಲ್ಲಿ ನಿಂತಿತ್ತು ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಅದರಿಂದ ಅವರ ಸಂಗೀತವೇನೂ ಕೆಟ್ಟಿರಲಿಲ್ಲ.

ಹಳೇ ಪ್ಯಾಚ್ ತೆರೆಯೋದು ಅಂದರೆ ನಿನ್ನೆಯ ಸಾರು ಬಿಸಿ ಮಾಡಿದ ಹಾಗೆ.

ಕರಾವಳಿ ಬೇಸ್
ಭಾನುವಾರ, ಬೆಳಗ್ಗೆ 8:03

ನಿನ್ನೆಯ ಸಾರೇ ರುಚಿ ಮಾರಾಯ್ರೆ. ಮೀನು ಸಾರು ಮಾಡಿದ ದಿನ ತಿಂದವರಿಗೆ ಏನು ಗೊತ್ತು.

ಪೆಂಡಾಲ್ ಕೀಬೋರ್ಡ್
ಭಾನುವಾರ, ಮಧ್ಯಾಹ್ನ 2:30

ನಾನು ನಿಮ್ಮ ಹಾಗೆ ಪ್ಲಗಿನ್ ಗಿರಾಕಿ ಅಲ್ಲ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ, ದಾವಣಗೆರೆ ಕಡೆ. ಗಣಪತಿ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ನಮಗೆ ಉಸಿರಾಡಲು ಪುರಸೊತ್ತಿಲ್ಲ. ಖಾಲಿ ಪ್ಯಾಚ್ ಅಣ್ಣ, ಒಂದು ದಿನ ನಮ್ಮ ಸ್ಟೇಜ್‌ಗೆ ಬನ್ನಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗಲು ಹತ್ತು ಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಕೊಳಲು ಟೋನ್ ಹೋಗಿ ನಾದಸ್ವರ ಬರಬೇಕು, ಎಡಗೈಗೆ ಸ್ಟ್ರಿಂಗ್ಸ್ ಬೇಕು, ಹಾಡುವವರಿಗೆ ಶ್ರುತಿ ಅರ್ಧ ಕಟ್ಟೆ ಇಳಿಸಬೇಕು. ನಿಮ್ಮ ಎರಡು ನಿಮಿಷದಲ್ಲಿ ಜನ ಎದ್ದು ಗೋಬಿ ಮಂಚೂರಿ ತಿನ್ನಲು ಹೋಗಿರುತ್ತಾರೆ.

ಮೊದಲು ನಾನೂ ಸೇವ್ ಮಾಡುತ್ತಿರಲಿಲ್ಲ. ಟೋನ್‌ಗಳನ್ನು ಸ್ಟೇಜ್ ಮೇಲೆಯೇ ತಿದ್ದಿಕೊಳ್ಳುತ್ತಿದ್ದೆ. ಒಂದು ಸಲ ಕಾರ್ಯಕ್ರಮದ ನಡುವೆ ಜನರೇಟರ್ ಆಫ್ ಆಯಿತು. ಕರೆಂಟ್ ಬಂತು, ಕೀಬೋರ್ಡ್ ಮತ್ತೆ ಆನ್ ಆಯಿತು, ತಿದ್ದಿದ್ದೆಲ್ಲ ಹೋಗಿ ಬರೀ ಪಿಯಾನೋ ನಿಂತಿದೆ. ಗಾಯಕರು ಅಷ್ಟರಲ್ಲಿ ಪಲ್ಲವಿ ಎತ್ತಿಕೊಂಡೇ ಬಿಟ್ಟರು. ಮದುವೆ ಮನೆ ನಾದಸ್ವರದ ಬಿಟ್ ಅನ್ನು ಪಿಯಾನೋದಲ್ಲಿ ನುಡಿಸಿದೆ. ತಮಟೆಯವನು ನನ್ನ ಮುಖ ನೋಡಿ ನಕ್ಕಿದ್ದು ಇವತ್ತಿಗೂ ನೆನಪಿದೆ.

ಈಗ ಎಲ್ಲ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಇರುತ್ತದೆ. ಎರಡು ಪೆನ್ ಡ್ರೈವ್‌ನಲ್ಲಿ ಕಾಪಿ. ಒಂದು ಬ್ಯಾಗ್‌ನಲ್ಲಿ, ಒಂದು ಜೇಬಿನಲ್ಲಿ.

ಒಂದು ಕಿವಿಮಾತು. ಸೇವ್ ಮಾಡುವಾಗ ಎಲ್ಲ ಟೋನ್‌ಗಳ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದು ಸೇವ್ ಮಾಡಿ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡಿದ ಪ್ಯಾಡ್ ಪೆಂಡಾಲಿನಲ್ಲಿ ಕೇಳಿಸುವುದೇ ಇಲ್ಲ, ಅದರ ಪಕ್ಕದ ಬ್ರಾಸ್ ಕಿವಿ ಹರಿಯುತ್ತದೆ.

ಖಾಲಿ ಪ್ಯಾಚ್
ಭಾನುವಾರ, ಮಧ್ಯಾಹ್ನ 3:10

ಸ್ಟೇಜ್ ವಿಷಯ ಒಪ್ಪಿದೆ ಅಣ್ಣ. ಅಲ್ಲಿ ನನ್ನ ವಾದ ನಡೆಯುವುದಿಲ್ಲ. ನಾನು ಹೇಳಿದ್ದು ಮನೆಯಲ್ಲಿ ಕೂತು ಹಾಡು ಕಟ್ಟುವವರಿಗೆ.

ಹಳೇ ಸರ್ಕ್ಯೂಟ್
ಭಾನುವಾರ, ಸಂಜೆ 6:45

ಹಳೇ ಕೀಬೋರ್ಡ್ ರಿಪೇರಿ ನನ್ನ ಕೆಲಸ, ಅದಕ್ಕೇ ಸ್ವಲ್ಪ ಹಿಂದಿನ ಕತೆ ಹೇಳುತ್ತೇನೆ.

ಸೇವ್ ಅನ್ನುವುದು ಸಿಂಥ್‌ಗೆ ಬಂದಿದ್ದೇ ತಡವಾಗಿ. 1978ರಲ್ಲಿ ಬಂದ ಪ್ರಾಫೆಟ್-5 ಸಿಂಥ್‌ನಲ್ಲಿ ಮೈಕ್ರೋಪ್ರೊಸೆಸರ್ ಇಟ್ಟು 40 ಸೌಂಡ್ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಮಾಡಿದರು. ಒಂದು ಬಟನ್ ಒತ್ತಿದರೆ ಐದೂ ವಾಯ್ಸ್‌ಗಳ (ಒಟ್ಟಿಗೆ ನುಡಿಯುವ ಐದು ಸ್ವರ) ಸೆಟ್ಟಿಂಗ್‌ಗಳೆಲ್ಲ ವಾಪಸ್ ಬರುತ್ತಿದ್ದವು. ಆಮೇಲೆ 1983ರಲ್ಲಿ ಯಮಾಹಾ ಡಿಎಕ್ಸ್7 ಬಂತು. ಅದರಲ್ಲಿ 32 ಮೆಮೊರಿ. ಆರು ಆಪರೇಟರ್ (ಸದ್ದು ಹುಟ್ಟಿಸುವ ಭಾಗ), ಅವನ್ನು ಜೋಡಿಸಲು 32 ಅಲ್ಗಾರಿದಮ್, ಆದರೆ ತಿದ್ದಲು ಇದ್ದದ್ದು ಒಂದು ಸಣ್ಣ ಡಿಸ್‌ಪ್ಲೇ ಮತ್ತು ಒಂದು ಸ್ಲೈಡರ್. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಬಹುದು. ಹೆಚ್ಚಿನವರು ಆ ಸಹವಾಸವೇ ಬೇಡ ಅಂತ ಕಂಪನಿ ಕೊಟ್ಟ ಟೋನ್‌ಗಳನ್ನೇ ನುಡಿಸಿದರು. ಆ ಕಾಲದ ಎಷ್ಟೋ ಹಾಡುಗಳಲ್ಲಿ ಅದೇ ಎಲೆಕ್ಟ್ರಿಕ್ ಪಿಯಾನೋ ಕೇಳಿಸುವುದು ಇದಕ್ಕೇ. ಖಾಲಿ ಪ್ಯಾಚ್ ಅವರ ಮಾತಿನಲ್ಲಿ ಅಷ್ಟು ಸತ್ಯ ಇದೆ. ಕೈಗೆ ಸಿಕ್ಕ ಟೋನ್ ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ.

ಆದರೆ ರಿಪೇರಿಗೆ ಬರುವವರನ್ನು ನೋಡಿದರೆ ಬೇರೆಯೇ ಅನಿಸುತ್ತದೆ. ಆ ಕಾಲದ ಕೀಬೋರ್ಡ್‌ಗಳಲ್ಲಿ ಮೆಮೊರಿ ಉಳಿಯುವುದು ಒಳಗಿನ ಒಂದು ಲಿಥಿಯಂ ಬ್ಯಾಟರಿಯಿಂದ. ನಾಣ್ಯದ ಹಾಗೆ ಚಪ್ಪಟೆ ಇರುತ್ತದಲ್ಲ, ಸಿಆರ್2032, ಅದೇ. ಅದು ಸತ್ತರೆ ಸೌಂಡ್‌ಗಳೂ ಸತ್ತವು. ಒಬ್ಬರು ಹಿರಿಯರು ತಂದಿದ್ದರು. ಇಪ್ಪತ್ತು ವರ್ಷ ಚರ್ಚ್‌ನಲ್ಲಿ ನುಡಿಸಿದ ಕೀಬೋರ್ಡ್, ಅವರೇ ಮಾಡಿಕೊಂಡ ಆರ್ಗನ್ ಟೋನ್ ಒಂದಿತ್ತಂತೆ. ಆನ್ ಮಾಡಿದರೆ ಪರದೆ ಮೇಲೆ ಬರೀ ಕಸ ಅಕ್ಷರ. ‘ಬ್ಯಾಟರಿ ಹಾಕಿಕೊಡಿ, ಟೋನ್ ವಾಪಸ್ ಬರುತ್ತೆ ಅಲ್ವಾ?’ ಅಂತ ಕೇಳಿದರು. ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಬೇಸರದ ವಿಷಯ ಏನೆಂದರೆ, ಡಿಎಕ್ಸ್7ರ 32 ಟೋನ್‌ಗಳ ಪೂರ್ತಿ ಬ್ಯಾಂಕ್ ಸುಮಾರು 4 ಕೆಬಿ. ಮಿಡಿ (ವಾದ್ಯ, ಕಂಪ್ಯೂಟರ್ ನಡುವೆ ನುಡಿಸಿದ ಮಾಹಿತಿ ಸಾಗಿಸುವ ವ್ಯವಸ್ಥೆ) ಕೇಬಲ್ ಹಾಕಿ ಸಿಸ್‌ಎಕ್ಸ್ ಡಂಪ್, ಅಂದರೆ ಮೆಮೊರಿಯ ಕಾಪಿ, ತೆಗೆಯಲು ಕೆಲವೇ ಸೆಕೆಂಡ್ ಸಾಕು. ಆ ಫೈಲ್ ಇದ್ದರೆ ಇವತ್ತು ಡೆಕ್ಸೆಡ್ ಅನ್ನುವ ಉಚಿತ ಪ್ಲಗಿನ್‌ನಲ್ಲಿ ಹಾಕಿ ನುಡಿಸಬಹುದು. ನಲವತ್ತು ವರ್ಷ ಹಳೆಯ ಟೋನ್ ಕೂಡ ಬರುತ್ತದೆ. ಹಳೇ ಕೀಬೋರ್ಡ್ ಇಟ್ಟುಕೊಂಡವರು ದಯವಿಟ್ಟು ಈ ವಾರವೇ ಡಂಪ್ ತೆಗೆದುಕೊಳ್ಳಿ. ಬ್ಯಾಟರಿ ಬದಲಿಸುವ ಮುಂಚೆ ತೆಗೆಯಬೇಕು, ಆಮೇಲೆ ಅಲ್ಲ.

ವೈರು ಗೋಜಲು
ಭಾನುವಾರ, ರಾತ್ರಿ 10:20

ನಾನು ಮಾಡ್ಯುಲರ್ ಕಡೆಯವನು, ಅಂದರೆ ಬಿಡಿ ಭಾಗಗಳನ್ನು ವೈರ್‌ನಿಂದ ಜೋಡಿಸಿ ಸೌಂಡ್ ಮಾಡುವ ಸಿಂಥ್. ನಮ್ಮಲ್ಲಿ ಸೇವ್ ಬಟನ್ನೇ ಇಲ್ಲ. ವೈರ್ ಕಿತ್ತರೆ ಮುಗಿಯಿತು. ಫೋಟೋ ತೆಗೆದುಕೊಳ್ಳುತ್ತೇನೆ, ಆದರೆ ಅದನ್ನು ನೋಡಿ ವೈರ್ ಚುಚ್ಚಿದರೂ ಅದೇ ಸೌಂಡ್ ಬರುವುದಿಲ್ಲ. ನಾಬ್ ಒಂದು ಕೂದಲೆಳೆ ಆಚೀಚೆ ಆದರೆ ಬೇರೆ. ಎಸಿ ಹಾಕಿದರೆ ಟ್ಯೂನಿಂಗ್ ಬೇರೆ.

ಹಾಗಾಗಿ ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ಪ್ಯಾಚ್ ಉಳಿಸಬೇಕಾ ಅಂತ ಕೇಳಬೇಡಿ, ಸೌಂಡ್ ಉಳಿಸಿದಿರಾ ಅಂತ ಕೇಳಿ.

ಅಹಮದಾಬಾದ್‌ನ ವಿನ್ಯಾಸ ಶಾಲೆ ಎನ್‌ಐಡಿ ಕತೆ ನೋಡಿ. 1969ರಲ್ಲಿ ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಬಂದು ಅಲ್ಲಿ ಒಂದು ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮುಂತಾದವರು ಅದರಲ್ಲಿ ಕೆಲಸ ಮಾಡಿದರು. 1972ರ ಹೊತ್ತಿಗೆ ಎಲ್ಲ ನಿಂತುಹೋಯಿತು. ಯಾರು ಯಾವ ವೈರ್ ಎಲ್ಲಿಗೆ ಹಾಕಿದ್ದರು ಅಂತ ಈಗ ಯಾರು ಹೇಳಬೇಕು? ಆದರೆ ಟೇಪ್‌ಗಳು ಉಳಿದವು. ದಶಕಗಳ ನಂತರ ಪಾಲ್ ಪುರ್ಗಾಸ್ ಅನ್ನುವ ಕಲಾವಿದ ಅವುಗಳನ್ನು ಸಂಗ್ರಹದಲ್ಲಿ ಹುಡುಕಿ ತೆಗೆದರು, 2023ರಲ್ಲಿ ರೆಕಾರ್ಡ್ ಆಗಿ ಬಂತು. ನಾವು ಇವತ್ತು ಕೇಳುತ್ತಿರುವುದು ಯಾವ ಪ್ಯಾಚನ್ನೂ ಅಲ್ಲ, ಟೇಪನ್ನು.

ಸಂಗೀತಗಾರ ಚರಣ್‌ಜಿತ್ ಸಿಂಗ್ ಅವರದೂ ಹಾಗೇ. 1982ರಲ್ಲಿ ಮುಂಬೈಯಲ್ಲಿ ಡಿಸ್ಕೋ ಬೀಟ್ ಮೇಲೆ ರಾಗ ನುಡಿಸಿದ ಆ ರೆಕಾರ್ಡ್‌ಗೆ ಅವರು ಬಳಸಿದ್ದು ರೋಲ್ಯಾಂಡ್‌ನ ಮೂರು ಮಷೀನ್. ಜುಪಿಟರ್-8 ಸಿಂಥ್, ಟಿಬಿ-303 ಬೇಸ್ ಮಷೀನ್, ಟಿಆರ್-808 ಡ್ರಮ್ ಮಷೀನ್. ಜುಪಿಟರ್‌ನಲ್ಲಿ 64 ಪ್ಯಾಚ್ ಸೇವ್ ಆಗುತ್ತಿತ್ತು. 303ರಲ್ಲಿ ಸ್ವರಗಳ ಪ್ಯಾಟರ್ನ್ ಮಾತ್ರ ಉಳಿಯುತ್ತದೆ, ಫಿಲ್ಟರ್‌ನ ಕಟಾಫ್, ರೆಸೊನೆನ್ಸ್ ನಾಬ್ ಎಲ್ಲಿತ್ತು ಅನ್ನುವುದೇನೂ ಉಳಿಯುವುದಿಲ್ಲ. ಆದರೆ ನಮ್ಮೆಲ್ಲರ ಕಿವಿಯಲ್ಲಿ ಕೂತಿರುವುದು ಅದೇ 303ರ ಕುಂಯ್‌ಗುಡುವ ಸದ್ದು, ಅಲ್ವಾ?

ಡಬಲ್ ಬ್ಯಾಕಪ್
ಭಾನುವಾರ, ರಾತ್ರಿ 10:41

ಆಡಿಯೋ ಮಾತ್ರ ಇಟ್ಟುಕೊಂಡರೆ ನಾಳೆ ಒಂದು ಸ್ವರ ಬದಲಿಸಬೇಕು ಅಂದಾಗ ಏನು ಮಾಡ್ತೀರಿ ಸಾರ್? ಟೇಪ್ ಕುಯ್ಯುತ್ತೀರಾ?

ವೈರು ಗೋಜಲು
ಭಾನುವಾರ, ರಾತ್ರಿ 10:44

ಹೌದು, ಕುಯ್ಯುತ್ತೇನೆ 😀

ವೀಣೆ ಬಿಟ್ಟು ಮಿಡಿ
ಸೋಮವಾರ, ಬೆಳಗ್ಗೆ 9:30

ಚಿಕ್ಕಂದಿನಿಂದ ವೀಣೆ ಕಲಿತವಳು, ಈಗ ಸಿಂಥ್‌ನಲ್ಲಿ ಗಮಕ ತರಲು ಒದ್ದಾಡುತ್ತಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ತೊಂದರೆ ಇದೆ.

ಸಿಂಥ್‌ಗಳಲ್ಲಿ ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವುದು) ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಸೆಮಿಟೋನ್ (ಅರ್ಧ ಸ್ವರ) ಇರುತ್ತದೆ. ತೋಡಿಯ ಗಾಂಧಾರ ಆಡಿಸಲು, ಒಂದೇ ಮೀಟಿನಲ್ಲಿ ಜಾರಲು ಅದು ಸಾಲದು. ನಾನು ಹನ್ನೆರಡಕ್ಕೆ ಇಡುತ್ತೇನೆ. ವೈಟಲ್‌ನಲ್ಲಿ ಈ ಬೆಂಡ್ ರೇಂಜ್ ಪ್ರಿಸೆಟ್ ಒಳಗೇ ಸೇವ್ ಆಗುತ್ತದೆ. ಸಮಸ್ಯೆ ಅಲ್ಲೇ. ಹನ್ನೆರಡರಲ್ಲಿ ನುಡಿಸಿ ರೆಕಾರ್ಡ್ ಮಾಡಿದ ಮಿಡಿಗೆ ನಾಳೆ ಇನ್ನೊಂದು ಪ್ರಿಸೆಟ್ ಹಾಕಿ ನೋಡೋಣ ಅಂದರೆ, ಅದರಲ್ಲಿ ರೇಂಜ್ ಎರಡು ಇರುತ್ತದೆ. ಗಮಕ ಆರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ತೋಡಿ ಹೋಗಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗಾಗುತ್ತದೆ. ಮೊದಲ ಸಲ ಹೀಗಾದಾಗ ನನ್ನ ಕೈಯೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಸಾಧನೆ ಮಾಡಿದ್ದೆ!

ಇದರಿಂದ ನನಗೆ ಅನಿಸಿದ್ದು, ಪ್ಯಾಚ್ ಅಂದರೆ ಅರ್ಧ ಸೌಂಡ್. ಅದನ್ನು ಹೇಗೆ ನುಡಿಸಿದೆವು ಅನ್ನುವುದು ಇನ್ನರ್ಧ. ಯಾವ ಸ್ಥಾಯಿ, ಎಷ್ಟು ಜೋರು, ಮಾಡ್ ವೀಲ್ ಎಲ್ಲಿತ್ತು. ನಾನು ಪ್ರಿಸೆಟ್ ಜೊತೆಗೆ ನಾಲ್ಕು ಬಾರ್ ಮಿಡಿ ಕೂಡ ಅದೇ ಹೆಸರಲ್ಲಿ ಇಡುತ್ತೇನೆ. ತೆರೆದು ಪ್ಲೇ ಒತ್ತಿದರೆ ಅವತ್ತು ಯಾಕೆ ಇಷ್ಟವಾಗಿತ್ತು ಅಂತ ತಕ್ಷಣ ಗೊತ್ತಾಗುತ್ತದೆ. ಬರೀ ಪ್ರಿಸೆಟ್ ತೆರೆದು ಮಧ್ಯ ಸ್ಥಾಯಿಯ ಷಡ್ಜ ಒತ್ತಿದರೆ ಎಲ್ಲವೂ ಒಂದೇ ಥರ ಕೇಳಿಸುತ್ತವೆ.

ರಾತ್ರಿಪಾಳಿ
ಸೋಮವಾರ, ಬೆಳಗ್ಗೆ 10:05

ಮೇಡಂ, ಈ ಮಿಡಿ ಇಡುವ ಉಪಾಯ ನನಗೆ ಹೊಳೆದೇ ಇರಲಿಲ್ಲ. ನನ್ನ ‘ಆಆಆ’ ತೆರೆದರೆ ಏನೂ ವಿಶೇಷ ಇಲ್ಲ. ಅವತ್ತು ಯಾಕೆ ಅಷ್ಟು ಕುಣಿದಾಡಿ ಸೇವ್ ಮಾಡಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ಕೆಳಗಿನ ಸ್ಥಾಯಿಯಲ್ಲಿ ಒತ್ತಿ ನೋಡಿದೆ. ಓಹೋ.

ರೀಲ್ ನಂಬರ್ ನಾಲ್ಕು
ಸೋಮವಾರ, ರಾತ್ರಿ 11:15

ಸಿನಿಮಾ ಹಿನ್ನೆಲೆ ಸಂಗೀತದಲ್ಲಿ ಅಸಿಸ್ಟೆಂಟ್ ಆಗಿ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಬೇರೆಯವರ ಸೆಷನ್ ತೆರೆಯುವ ಕೆಲಸ. ರಾತ್ರಿಪಾಳಿಗೆ ಆದದ್ದು ನಮ್ಮಲ್ಲಿ ತಿಂಗಳಿಗೊಮ್ಮೆ ಆಗುತ್ತದೆ.

ಪ್ರಿಸೆಟ್‌ನ ಆಯಸ್ಸು ಪ್ಲಗಿನ್‌ನ ಆಯಸ್ಸಿನಷ್ಟೇ. 2018ರಲ್ಲಿ ಹಾಡು ಕಟ್ಟುವ ಸಾಫ್ಟ್‌ವೇರ್ ಏಬಲ್‌ಟನ್ ಲೈವ್ 10 ಬಂದಾಗ 32 ಬಿಟ್ ಪ್ಲಗಿನ್‌ಗಳಿಗೆ ಬಾಗಿಲು ಹಾಕಿದರು. 2019ರಲ್ಲಿ ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್ ಕ್ಯಾಟಲಿನಾ ಕೂಡ ಹಾಗೇ ಮಾಡಿತು. ಎಷ್ಟೋ ಜನರ ಹಳೇ ಉಚಿತ ಪ್ಲಗಿನ್‌ಗಳು ಒಂದೇ ರಾತ್ರಿಯಲ್ಲಿ ಹೋದವು, ಅದರ ಜೊತೆ ಅವರ ಪ್ರಿಸೆಟ್‌ಗಳೂ. ಫೈಲ್ ಡಿಸ್ಕ್‌ನಲ್ಲಿ ಭದ್ರವಾಗಿದೆ, ಓದುವವರು ಇಲ್ಲ. ಹಳೇ ಮೋಡಿ ಲಿಪಿ ಕಡತದ ಥರ.

ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದನ್ನು ಕೀಲಿಗಳ ಮೇಲೆ ನುಡಿಸುವ ಸಾಧನ) ಬಳಸುವವರಿಗೆ ಇನ್ನೂ ಒಂದು ಹೊಂಡ ಇದೆ. ಪ್ಯಾಚ್ ಒಳಗೆ ಎಷ್ಟೋ ಸಲ ಆಡಿಯೋ ಇರುವುದೇ ಇಲ್ಲ, ಅದು ಯಾವ ಫೋಲ್ಡರ್‌ನಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಫೋಲ್ಡರ್ ಹೆಸರು ಬದಲಿಸಿದಿರೋ, ಸ್ಯಾಂಪಲ್ ಕಾಣೆ. ಲೈವ್‌ನಲ್ಲಿ ‘ಕಲೆಕ್ಟ್ ಆಲ್ ಅಂಡ್ ಸೇವ್’, ಎಫ್ಎಲ್ ಸ್ಟುಡಿಯೋ ಸಾಫ್ಟ್‌ವೇರ್‌ನಲ್ಲಿ ‘ಜಿಪ್ಡ್ ಲೂಪ್ ಪ್ಯಾಕೇಜ್’ ಇರುವುದು ಇದಕ್ಕೇ. ಮುಗಿದ ಹಾಡಿಗೆ ಅದನ್ನು ಒತ್ತದೆ ಲ್ಯಾಪ್‌ಟಾಪ್ ಮುಚ್ಚಬೇಡಿ.

ನಮ್ಮ ಪದ್ಧತಿ ಹೇಳುತ್ತೇನೆ. ನಿರ್ದೇಶಕರು ಓಕೆ ಅಂದ ಕ್ಯೂನ (ಒಂದು ದೃಶ್ಯದ ಸಂಗೀತದ) ಪ್ರತಿ ಟ್ರ್ಯಾಕ್ ಬೌನ್ಸ್ ಆಗುತ್ತದೆ, ಅಂದರೆ ಆಡಿಯೋ ಫೈಲ್ ಆಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಅಂದರೆ ನಿಮಿಷಕ್ಕೆ ಸುಮಾರು 17 ಎಂಬಿ. ಜಾಸ್ತಿ ಏನಲ್ಲ. ಜೊತೆಗೆ ಮುಖ್ಯವಾದ ಸೌಂಡ್‌ಗಳ ಒಂದೊಂದೇ ಸ್ವರವನ್ನು ಬೇರೆ ತೆಗೆಯುತ್ತೇವೆ. ರಿವರ್ಬ್ ಇಲ್ಲದೆ, ಬಾಲ ಪೂರ್ತಿ ಕರಗುವವರೆಗೆ. ಮೂರು ಸ್ವರಕ್ಕೊಂದರಂತೆ ತೆಗೆದರೂ ಸಾಕು, ಯಾವ ಸ್ಯಾಂಪ್ಲರ್‌ನಲ್ಲಿ ಬೇಕಾದರೂ ಹಾಕಿ ಮತ್ತೆ ನುಡಿಸಬಹುದು. ಡಬಲ್ ಬ್ಯಾಕಪ್ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಪ್ಲಗಿನ್ ಸತ್ತರೂ ಡಬ್ಲ್ಯೂಎವಿ ಆಡಿಯೋ ಫೈಲ್ ಸಾಯುವುದಿಲ್ಲ.

ಆಸಿಲೇಟರ್‌ನ (ಸಿಂಥ್‌ನಲ್ಲಿ ಸದ್ದು ಹುಟ್ಟಿಸುವ ಭಾಗ) ಫೇಸ್, ಅಂದರೆ ಅಲೆ ಶುರುವಾಗುವ ಜಾಗ, ರ‍್ಯಾಂಡಮ್ ಇದ್ದರೆ ಪ್ರತಿ ಸಲ ಬೌನ್ಸ್ ಮಾಡಿದಾಗಲೂ ಅಟ್ಯಾಕ್ (ಸದ್ದಿನ ಶುರು) ಸ್ವಲ್ಪ ಬೇರೆ ಬರುತ್ತದೆ, ಬೇಸ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಾಲ್ಕೈದು ಸಲ ತೆಗೆದು ಚೆನ್ನಾಗಿರುವುದನ್ನು ಇಟ್ಟುಕೊಳ್ಳಿ.

ಖಾಲಿ ಪ್ಯಾಚ್
ಸೋಮವಾರ, ರಾತ್ರಿ 11:50

ಇಷ್ಟೆಲ್ಲ ಮಾಡುತ್ತಾ ಕೂತರೆ ಹಾಡು ಯಾವಾಗ ಮಾಡೋದು? ನೀವು ಹೇಳುತ್ತಿರುವುದು ಸಂಗೀತ ಅಲ್ಲ, ಗೋಡೌನ್ ಕೆಲಸ.

ರೀಲ್ ನಂಬರ್ ನಾಲ್ಕು
ಮಂಗಳವಾರ, ಬೆಳಗ್ಗೆ 8:20

ಗೋಡೌನ್ ಕೆಲಸವೇ. ಅದಕ್ಕೇ ಹಾಡು ಮಾಡುವಾಗ ಮಾಡಬಾರದು. ಹಾಡು ಮುಗಿದ ಮೇಲೆ, ಅದರಲ್ಲಿ ಉಳಿದುಕೊಂಡ ಐದಾರು ಸೌಂಡ್‌ಗೆ ಮಾತ್ರ. ಹಾಡಿನಲ್ಲಿ ಜಾಗ ಸಿಗದ ಸೌಂಡ್‌ಗೆ ಡಿಸ್ಕ್‌ನಲ್ಲೂ ಜಾಗ ಕೊಡಬೇಕಿಲ್ಲ. ರಾತ್ರಿಪಾಳಿ ತಪ್ಪು ಮಾಡಿದ್ದು ಜಾಸ್ತಿ ಸೇವ್ ಮಾಡಿದ್ದರಲ್ಲಲ್ಲ, ತಪ್ಪು ಹೊತ್ತಿನಲ್ಲಿ ಸೇವ್ ಮಾಡಿದ್ದರಲ್ಲಿ. ನಾಬ್ ತಿರುಗಿಸುವಾಗ ಖುಷಿಗೆ ಸಾವಿರ ಸಲ ಒತ್ತಿದ್ದಾರೆ. ಹಾಡು ಕಳಿಸಿದ ದಿನ ಒಂದು ಸಲವೂ ಒತ್ತಲಿಲ್ಲ.

ಖಾಲಿ ಪ್ಯಾಚ್
ಮಂಗಳವಾರ, ಬೆಳಗ್ಗೆ 9:02

ಇದಕ್ಕೆ ನನ್ನ ತಕರಾರಿಲ್ಲ. ಆದರೂ ನಾನು ಸೇವ್ ಮಾಡಲ್ಲ.

ಕರಾವಳಿ ಬೇಸ್
ಮಂಗಳವಾರ, ಬೆಳಗ್ಗೆ 9:04

ಇವರಿಗೆ ಮೀನು ಸಾರೇ ಸಿಕ್ಕಿಲ್ಲ, ಪಾಪ.

ರಾತ್ರಿಪಾಳಿ
ಮೂರು ವಾರದ ನಂತರ, ಭಾನುವಾರ ಸಂಜೆ 5:30

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಅಂತ ಹೇಳಲು ಬಂದೆ.

ಮೊದಲು ಆ ಗುಡುಗಿನ ಪ್ಯಾಡ್. ನಾಲ್ಕು ರಾತ್ರಿ ಕೂತು ಮತ್ತೆ ಮಾಡಲು ನೋಡಿದೆ. ಎರಡು ಸಾ ವೇವ್ ಡಿಟ್ಯೂನ್ ಮಾಡಿದೆ, ನಾಯ್ಸ್ ಸೇರಿಸಿದೆ, ನಿಧಾನವಾಗಿ ತೂಗುವ ಎಲ್‌ಎಫ್‌ಒ ಅಲೆಯನ್ನು ಫಿಲ್ಟರ್‌ಗೆ ಕೊಟ್ಟೆ. ಹತ್ತಿರ ಬಂತು. ಗೆಳೆಯ ಕೇಳಿ ‘ಚೆನ್ನಾಗಿದೆ, ಆದರೆ ಅದಲ್ಲ’ ಅಂದ. ಹೊಟ್ಟೆ ಉರಿಯಿತು, ಆದರೆ ಅವನು ಹೇಳಿದ್ದು ನಿಜ.

ಆಮೇಲೆ ವೈರು ಗೋಜಲು ಹೇಳಿದ ಟೇಪ್ ಮಾತು ನೆನಪಾಯಿತು. ಕಿರುಚಿತ್ರದ ಫೈಲ್ ಹಾಕಿ ನೋಡಿದೆ. ಕೊನೆಯಲ್ಲಿ ಹೆಸರುಗಳು ಬರುವಾಗ ಬೇರೆಲ್ಲ ನಿಂತು ಆ ಪ್ಯಾಡ್ ಒಂದೇ ಆರು ಸೆಕೆಂಡ್ ಉಳಿಯುತ್ತದೆ! ಒಂದೇ ಸ್ವರ. ರಿವರ್ಬ್ ಸಮೇತ. ಅದನ್ನೇ ಕತ್ತರಿಸಿ ಸ್ಯಾಂಪ್ಲರ್‌ಗೆ ಹಾಕಿದೆ, ಲೂಪ್ ಸಿಗುವ ಕಡೆ ಕ್ರಾಸ್‌ಫೇಡ್ ಕೊಟ್ಟೆ. ಮೇಲೆ ಕೆಳಗೆ ನಾಲ್ಕು ಸ್ವರದವರೆಗೆ ಚೆನ್ನಾಗಿ ಬರುತ್ತದೆ, ಅದರಾಚೆ ಗುಡುಗಿನ ವೇಗವೇ ಬದಲಾಗಿಬಿಡುತ್ತದೆ. ಇಡೀ ಎರಡನೇ ಭಾಗವನ್ನು ಆ ನಾಲ್ಕು ಸ್ವರದೊಳಗೇ ಕಟ್ಟಿದೆ. ಗೆಳೆಯನಿಗೆ ಏನೂ ಹೇಳಿಲ್ಲ.

ಎರಡನೆಯದು, 1,140. ಅಳಿಸಲು ಧೈರ್ಯ ಬರಲಿಲ್ಲ. ‘ಅಟ್ಟ’ ಅಂತ ಫೋಲ್ಡರ್ ಮಾಡಿ ಎಲ್ಲ ಅಲ್ಲಿಗೆ ಎತ್ತಿಟ್ಟೆ. ಮೂರು ವಾರದಲ್ಲಿ ಅಟ್ಟ ಹತ್ತಿದ್ದು ಒಂದೇ ಸಲ, ಅದೂ ‘ಆಆಆ’ಗೆ. ಹೊಸ ಫೋಲ್ಡರ್‌ನಲ್ಲಿ ಈಗ ಏಳು ಸೌಂಡ್ ಇವೆ. ಪ್ರತಿಯೊಂದಕ್ಕೂ ಪ್ರಿಸೆಟ್, ಮೇಡಂ ಹೇಳಿದ ಹಾಗೆ ನಾಲ್ಕು ಬಾರ್ ಮಿಡಿ, ಮತ್ತೆ ಒಂದೊಂದು ಸ್ವರದ ಆಡಿಯೋ. ಒಂದು ಹಾಡಿಗೆ ಅರ್ಧ ಗಂಟೆ ಹಿಡಿಯುತ್ತದೆ. ಬೋರ್ ಹೊಡೆಯುತ್ತದೆ, ಸುಳ್ಳು ಹೇಳಲ್ಲ.

ಮೊದಲ ಎರಡು ವಾರ ನಾಬ್ ತಿರುಗಿಸುವಾಗ ಸೇವ್ ಒತ್ತದೆ ಇರಲು ಕೈ ತುರಿಸುತ್ತಿತ್ತು. ಈಗ ಸ್ವಲ್ಪ ಕಡಿಮೆಯಾಗಿದೆ.

ಪೆಂಡಾಲ್ ಕೀಬೋರ್ಡ್
ಭಾನುವಾರ, ಸಂಜೆ 7:10

ಆ ಗುಡುಗಿನ ಟೋನ್ ನನಗೂ ಕಳಿಸಿ ತಮ್ಮಾ. ಭಕ್ತಿಗೀತೆ ಶುರುವಿಗೆ ಹಾಕಿದರೆ ಜೋರಾಗಿರುತ್ತದೆ.

ರಾತ್ರಿಪಾಳಿ
ಭಾನುವಾರ, ಸಂಜೆ 7:25

ಕಳಿಸಿದ್ದೇನೆ ಅಣ್ಣ, ಇನ್‌ಬಾಕ್ಸ್ ನೋಡಿ. ಡಬ್ಲ್ಯೂಎವಿ ಫೈಲ್, ನಿಮ್ಮ ಕೀಬೋರ್ಡ್ ಸ್ಯಾಂಪಲ್ ತಗೊಳ್ಳುತ್ತಾ ನೋಡಿಕೊಳ್ಳಿ. ವಾಲ್ಯೂಮ್ ಸ್ವಲ್ಪ ಏರಿಸಬೇಕಾಗುತ್ತದೆ. ಮತ್ತೆ ಮಂದ್ರದ ಷಡ್ಜಕ್ಕಿಂತ ಕೆಳಗೆ ಮಾತ್ರ ಒತ್ತಬೇಡಿ, ಕಪ್ಪೆ ವಟಗುಟ್ಟಿದ ಹಾಗೆ ಕೇಳಿಸುತ್ತದೆ.